ತಾರಸಿಗೆ ವಾಟರ್‌ಪ್ರೂಫಿಂಗ್ ಆಗಿದೆ, ಆದರೂ ಗೋಡೆ ಒದ್ದೆ. ಯಾಕೆ?

ಪ್ರಶ್ನೆ: ಸರ್, ನಮ್ಮದು ಮೇಲಿನ ಮಹಡಿ. ಮಲಗುವ ಕೋಣೆಯ ಹೊರಗೋಡೆಯಲ್ಲಿ ಸೀಲಿಂಗ್‌ನಿಂದ ಒಂದಡಿ ಕೆಳಗಿನವರೆಗೆ ಉದ್ದಕ್ಕೂ ತೇವ ಹಿಡಿದಿದೆ. ಬಣ್ಣ ಗುಳ್ಳೆ ಎದ್ದು ಉದುರುತ್ತಿದೆ, ಬಿಳಿ ಪುಡಿ ಬರುತ್ತಿದೆ. ತಾರಸಿ ನೆಲಕ್ಕೆ ಹೋದ ವರ್ಷವೇ ಕೋಟಿಂಗ್ ಹೊಡೆಸಿದ್ದೇವೆ. ಈಗ ಮತ್ತೆ ಪೂರ್ತಿ ಮಾಡಿಸಬೇಕು ಅಂತ ಮೇಸ್ತ್ರಿ ಹೇಳ್ತಿದ್ದಾರೆ. ಮಾಡಿಸಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಸೀಲಿಂಗ್ ನಡುಭಾಗ ಒಣಗಿದ್ದು, ಹೊರಗೋಡೆಯ ಮೇಲಂಚಿನಲ್ಲಿ ಮಾತ್ರ ಪಟ್ಟಿಯಂತೆ ತೇವ ಇದ್ದರೆ ನನ್ನ ಮೊದಲ ಅನುಮಾನ ಪ್ಯಾರಪೆಟ್ ಮೇಲೆ, ಅಂದರೆ ತಾರಸಿ ಸುತ್ತಲಿನ ಗಿಡ್ಡ ಗೋಡೆ ಮೇಲೆ. ಆ ಗೋಡೆಗೆ ಎರಡೂ ಕಡೆಯಿಂದ ಮಳೆ ಹೊಡೆಯುತ್ತದೆ, ತಲೆ ಮೇಲೂ ಬೀಳುತ್ತದೆ. ಒಳಗೆ ಸೇರಿದ ನೀರು ಇಟ್ಟಿಗೆಯಲ್ಲೇ ಇಳಿದು, ಕೋಟಿಂಗ್‌ನ ಹಿಂದಿನಿಂದ ಸ್ಲ್ಯಾಬ್ ಅಂಚಿಗೆ ಬರುತ್ತದೆ. ನೆಲಕ್ಕೆ ಎಷ್ಟು ಸಲ ಬಳಿದರೂ ಈ ದಾರಿ ಮುಚ್ಚುವುದಿಲ್ಲ.

ಮಳೆ ನಿಂತು ಬಿಸಿಲು ಬಂದ ಮೇಲೆ ಪ್ಯಾರಪೆಟ್‌ನ ತಲೆ ನೋಡಿ. ಉಳಿದದ್ದೆಲ್ಲ ಬೆಳ್ಳಗೆ ಒಣಗಿದ್ದರೂ ಬಿರುಕು ಇರುವಲ್ಲಿ ಸಣ್ಣ ಕಪ್ಪು ಗೆರೆ ಒದ್ದೆಯಾಗೇ ಉಳಿದಿರುತ್ತದೆ. ಆಮೇಲೆ ಗಾರೆಯನ್ನು ಬೆರಳಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದರೆ ಗಾರೆ ಇಟ್ಟಿಗೆ ಬಿಟ್ಟಿದೆ. ಗೋಡೆಯ ಬುಡ, ರೇಲಿಂಗ್ ಮತ್ತು ಕೇಬಲ್‌ಗೆ ಕೊರೆದ ತೂತು, ನೀರಿಳಿಯುವ ಪೈಪಿನ ಬಾಯಿ, ಎಲ್ಲವನ್ನೂ ನೋಡಿ. ಹೊರಗಡೆ ಸ್ಲ್ಯಾಬ್ ಮಟ್ಟದಲ್ಲಿ ಅಡ್ಡ ಬಿರುಕು ಇದೆಯಾ ಅಂತ ಕೆಳಗೆ ನಿಂತೇ ನೋಡಿ. ದಯವಿಟ್ಟು ಪ್ಯಾರಪೆಟ್ ಮೇಲಿಂದ ಬಗ್ಗಬೇಡಿ.

ಪ್ರಶ್ನೆ: ನೋಡಿದೆ ಸರ್. ತಲೆಯಲ್ಲಿ ಬಿರುಕುಗಳಿವೆ, ಬುಡದಲ್ಲಿ ಕೋಟಿಂಗ್ ಅಂಚೂ ಎದ್ದಿದೆ. ನೀರು ಬರ್ತಿರೋದು ಎಲ್ಲಿಂದ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ನಾಲ್ಕೈದು ದಿನ ಮಳೆ ಇಲ್ಲದಾಗ ಪೈಪ್ ಹಿಡಿದು ಪರೀಕ್ಷೆ ಮಾಡಿ. ಮೊದಲು ಬುಡಕ್ಕೆ ಮಾತ್ರ ಅರ್ಧ ಗಂಟೆ ನೀರು ಬಿಡಿ. ಮರುದಿನದವರೆಗೆ ಕಾಯಿರಿ, ಇಟ್ಟಿಗೆಯಲ್ಲಿ ನೀರು ನಿಧಾನ. ಒಳಗೆ ಏನೂ ಕಾಣದಿದ್ದರೆ ಗೋಡೆಯ ಮೈಗೆ, ಕೊನೆಗೆ ತಲೆಗೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ.

ರಿಪೇರಿಯಲ್ಲಿ ತಲೆ, ಬುಡ ಎರಡನ್ನೂ ಸರಿಮಾಡಿಸಿ. ಟೊಳ್ಳು ಗಾರೆ ಕೆತ್ತಿ ತೆಗೆದು ಹೊಸದಾಗಿ ಹಾಕಿಸಿ. ತಲೆಗೆ ಕಾಂಕ್ರೀಟ್ ಅಥವಾ ಕಲ್ಲಿನ ಹೊದಿಕೆ ಇರಲಿ. ಅದರ ವಾಟ (ಇಳಿಜಾರು) ತಾರಸಿ ಕಡೆಗಿರಬೇಕು, ಗೋಡೆಯಿಂದ ಎರಡೂ ಕಡೆ ನಾಲ್ಕೈದು ಸೆಂಟಿಮೀಟರ್ ಹೊರಚಾಚಬೇಕು. ಚಾಚಿದ ಭಾಗದ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ. ಆಗ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಅಂಟಿ ಹರಿಯುವುದಿಲ್ಲ. ಇಷ್ಟು ಸಣ್ಣ ಕೆಲಸವನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ. ಬುಡದ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿಸಿ, ಕೋಟಿಂಗನ್ನು ಗೋಡೆ ಮೇಲೆ ಕನಿಷ್ಠ 15 ಸೆಂಟಿಮೀಟರ್ ಹತ್ತಿಸಿ. 30 ಆದರೆ ಇನ್ನೂ ಒಳ್ಳೇದು.

ಸ್ಲ್ಯಾಬ್ ಮಟ್ಟದ ಅಡ್ಡ ಬಿರುಕಿಗೆ ಮಾತ್ರ ಸಿಮೆಂಟ್ ತುಂಬಬೇಡಿ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುತ್ತಿರುತ್ತದೆ, ಸಿಮೆಂಟ್ ಮತ್ತೆ ಬಿಡುತ್ತದೆ. ಬಿರುಕನ್ನು ಅಗಲಿಸಿ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ರಬ್ಬರ್‌ನಂತೆ ಹಿಗ್ಗಿ ಕುಗ್ಗುವ ಅಂಟು, ತುಂಬಿಸಿ.

ಇನ್ನೊಬ್ಬ ಸದಸ್ಯರು: ನಮ್ಮನೆಯಲ್ಲೂ ಇದೇ ತೊಂದರೆ. ಆದರೆ ಮಳೆಯೇ ಇಲ್ಲದ ಚಳಿಗಾಲದಲ್ಲಿ ಬರುತ್ತೆ.

ಉತ್ತರ: ಹಾಗಾದರೆ ಪ್ಯಾರಪೆಟ್ ಮುಟ್ಟುವ ಮೊದಲು, ಗೋಡೆ ಮೇಲಿನ ತೇವ ಒರೆಸಿ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪ್‌ನಿಂದ ಅಂಟಿಸಿ, ಎರಡು ದಿನ ಬಿಡಿ. ಕೋಣೆ ಕಡೆ ಹನಿ ಕಂಡರೆ ಅದು ಒಳಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಿಸಿ. ಹಾಳೆಯ ಹಿಂದೆ ಕಂಡರೆ ಗೋಡೆಯೊಳಗೆ ನೀರಿದೆ. ಆಗ ಟ್ಯಾಂಕ್, ಪೈಪ್ ಸೋರುತ್ತಿವೆಯಾ ನೋಡಿ.

ಪ್ರಶ್ನೆ: ರಿಪೇರಿ ಆದ ತಕ್ಷಣ ಒಳಗೆ ಬಣ್ಣ ಹೊಡೆಸಬಹುದಾ ಸರ್? ಹಬ್ಬ ಹತ್ತಿರ ಬಂತು.

ಉತ್ತರ: ಬೇಡ. ದಪ್ಪ ಇಟ್ಟಿಗೆ ಗೋಡೆ ಒಣಗಲು ತಿಂಗಳುಗಳೇ ಬೇಕು. ಈಗ ಬಳಿದರೆ ಮತ್ತೆ ಗುಳ್ಳೆ ಏಳುತ್ತದೆ. ಸಡಿಲ ಬಣ್ಣ ಕೆರೆದು ಹಾಗೇ ಬಿಡಿ. ಬಿಳಿ ಪುಡಿ ಉಪ್ಪು, ಅದನ್ನು ನೀರು ಹಾಕಿ ತೊಳೆಯದೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯುತ್ತಿರಿ. ಪುಡಿ ಬರುವುದು ನಿಂತ ಮೇಲೆ ಬಣ್ಣದ ಮಾತು. ಇನ್ನೊಂದು: ಗಾರೆ ಕೆತ್ತುವಾಗ ತುಕ್ಕು ಹಿಡಿದ ಕಂಬಿ ಕಂಡರೆ, ಪ್ಯಾರಪೆಟ್ ಹೊರಗೆ ವಾಲಿದ್ದರೆ, ಕೆಲಸ ಅಲ್ಲೇ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅಲ್ಲಿಯವರೆಗೆ ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಿ.