ಅಪ್‌ಡೇಟ್: ಬಾದಾಮಿ ಗುಹೆಗಳಿಗಾಗಿ 24 ಎಂಎಂ ಎಫ್/1.4 ಲೆನ್ಸ್ ಕೊಂಡೆ

ಬಾದಾಮಿ ಗುಹೆಗಳೊಳಗೆ ಟ್ರೈಪಾಡ್ ಇಲ್ಲದೆ ಚಿತ್ರ ತೆಗೆಯಲು ಎಫ್/2.8 ಜೂಮ್ ಲೆನ್ಸ್ ಸಾಕೇ, 24 ಎಂಎಂ ಎಫ್/1.4 ಪ್ರೈಮ್ (ಜೂಮ್ ಆಗದ ಲೆನ್ಸ್) ಬೇಕೇ ಎಂದು ಕೇಳಿದ್ದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಪ್ರೈಮ್ ಕೊಂಡೆ, ಈಗ ಅದು ಕ್ಯಾಮೆರಾದಿಂದ ಇಳಿಯುವುದೇ ಇಲ್ಲ.

ಜೂಮ್‌ಗಿಂತ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯ ಒಳಮಂಟಪದಲ್ಲಿ ಜೂಮ್ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ; ಏರಿಸಿದಷ್ಟೂ ಚಿತ್ರ ಕಾಳುಕಾಳು) 6400 ಬೇಡುತ್ತಿದ್ದ ಕಡೆ 1600 ಸಾಕಾಯಿತು. ಕೆಂಪು ಮರಳುಗಲ್ಲಿನ ಪದರಗೆರೆಗಳೂ ಉಳಿಯ ಗುರುತುಗಳೂ ಅಳಿಸಿಹೋಗದೆ ಮೂಡಿವೆ. ನೋಡಿದಷ್ಟೂ ಸಂತೋಷ!

ಅದೇ ಗುಹೆಯ ಮೊಗಸಾಲೆಯಲ್ಲಿ ಶೇಷನ ಮೇಲೆ ಕುಳಿತ ವಿಷ್ಣುವಿಗೆ ಮಾತ್ರ ಎಫ್/4 ಇಡಿ. ಅಲ್ಲಿ ಬೆಳಕು ಧಾರಾಳ. ತೀರಾ ಹತ್ತಿರದಿಂದ 1.4ರಲ್ಲಿ ತೆಗೆದರೆ ಮುಖ ಸ್ಪಷ್ಟ, ಹಿಂದಿನ ಹೆಡೆಗಳು ಮಸುಕು. ಕ್ಯಾಮೆರಾ ಮೇಲೆತ್ತಿದರೆ ಕಂಬಗಳು ಒಳಕ್ಕೆ ವಾಲುತ್ತವೆ. ಮಟ್ಟವಾಗಿ ಹಿಡಿದು, ಆಮೇಲೆ ನೆಲದ ಭಾಗ ಕತ್ತರಿಸುವುದೇ ಲೇಸು.

ಪ್ರೈಮ್ ಕೊಳ್ಳಿ ಎಂದು ಒತ್ತಾಯಿಸಿದವರಿಗೆ ಮನಃಪೂರ್ವಕ ವಂದನೆಗಳು. ಜೂಮ್ ಮಾರಾಟಕ್ಕಿದೆ.