ಮಹಾನಗರ ಪಾಲಿಕೆ ತನ್ನದೇ ರಹವಾಸಿ ಚೀಟಿ ಕೊಡಬೇಕೇ?

ಪ್ರಶ್ನೆ (ಹಳೇ ಹುಬ್ಬಳ್ಳಿಯಿಂದ)

ನಮ್ಮ ಓಣಿಯಲ್ಲಿ ಆರು ವರ್ಷಗಳಿಂದ ಬಾಡಿಗೆಗಿರುವ ಕುಟುಂಬವೊಂದಿದೆ. ಗಂಡನದು ಗೌಂಡಿ ಕೆಲಸ, ಹೆಂಡತಿಯದು ಮನೆಗೆಲಸ. ಇಬ್ಬರ ಆಧಾರ್‌ನಲ್ಲೂ ಇಂದಿಗೂ ರೋಣ ತಾಲ್ಲೂಕಿನ ಊರಿನ ವಿಳಾಸವೇ ಇದೆ. ಮಾಲೀಕರು ಕರಾರು ಪತ್ರ ಬರೆದುಕೊಡಲು ಒಪ್ಪುವುದಿಲ್ಲ, ಕರೆಂಟ್ ಬಿಲ್ಲು ಈ ಕುಟುಂಬದವರ ಹೆಸರಿನಲ್ಲಿ ಬರುವುದೂ ಇಲ್ಲ. ಮಗಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದಾಗ ‘ಇಲ್ಲಿನ ವಿಳಾಸದ ದಾಖಲೆ ತನ್ನಿ’ ಎಂದು ಮೂರು ಸಲ ಹಿಂದಕ್ಕೆ ಕಳಿಸಿದರು. ಮೂರು ದಿನದ ಕೂಲಿ ಹೋಯಿತು.

ಅಮೆರಿಕದ ನ್ಯೂ ಹೇವನ್ ನಗರವು 2007ರಲ್ಲಿ ತನ್ನ ನಿವಾಸಿಗಳಿಗೆ, ಅವರ ವಲಸೆ ದಾಖಲೆಗಳನ್ನು ಕೇಳದೆ, ಸ್ವಂತ ಗುರುತಿನ ಚೀಟಿ ಕೊಡಲಾರಂಭಿಸಿತು. 2015ರಲ್ಲಿ ನ್ಯೂಯಾರ್ಕ್ ಕೂಡ ಅದೇ ದಾರಿ ಹಿಡಿಯಿತು. ನಮ್ಮ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯೂ ‘ಇವರು ನಮ್ಮ ಊರಿನ ರಹವಾಸಿಗಳು’ ಎಂದು ಒಂದು ಚೀಟಿ ಕೊಡಬಾರದೇಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಸರ್ಕಾರಿ ನೌಕರ, ವಿದ್ಯಾನಗರ)

ತಮ್ಮ ಕಳಕಳಿ ಸರಿಯಾದದ್ದು. ಆದರೆ ಅಲ್ಲಿನ ತೊಂದರೆ ಬೇರೆ, ನಮ್ಮದು ಬೇರೆ. ಅಲ್ಲಿ ಅನೇಕರಿಗೆ ತಾವು ಯಾರೆಂದು ತೋರಿಸುವ ಕಾಗದವೇ ಇರಲಿಲ್ಲ. ಇಲ್ಲಿ ಗೌಂಡಿಯ ಕಿಸೆಯಲ್ಲಿ ಆಧಾರ್ ಇದೆ, ಮತದಾರರ ಚೀಟಿಯೂ ಇರಬಹುದು. ಇಲ್ಲದಿರುವುದು ಅವರು ಈಗ ಎಲ್ಲಿದ್ದಾರೆ ಎಂಬುದರ ದಾಖಲೆ ಮಾತ್ರ. ಪಾಲಿಕೆಯ ಚೀಟಿ ಪಡೆಯಲು ಮತ್ತೆ ಕರಾರು ಪತ್ರವನ್ನೇ ಕೇಳಿದರೆ, ಆ ಕುಟುಂಬ ಅಲೆಯಬೇಕಾದ ಕಚೇರಿಗಳ ಪಟ್ಟಿಗೆ ಇನ್ನೊಂದು ಸೇರಿದಂತಾಗುತ್ತದೆ.

ತುರ್ತಿಗೆ ಎರಡು ದಾರಿಗಳಿವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಆಧಾರ್ ಇ-ಕೆವೈಸಿ ಮೂಲಕ ಗುರುತು ದೃಢಪಡಿಸಿದ ಗ್ರಾಹಕರ ಈಗಿನ ವಿಳಾಸ ಬೇರೆಯಾಗಿದ್ದರೆ, ಅದನ್ನು ಸ್ವಯಂ ಘೋಷಣೆಯ ಮೂಲಕ ತಿಳಿಸಬಹುದು; ಬ್ಯಾಂಕಿನವರಿಗೆ ಇದನ್ನು ವಿನಯದಿಂದಲೇ ನೆನಪಿಸಿರಿ. ಎರಡನೆಯದಾಗಿ, ಆಧಾರ್ ವಿಳಾಸ ಬದಲಿಸಲು ನಿಗದಿತ ನಮೂನೆಯ ಪ್ರಮಾಣಪತ್ರಕ್ಕೆ ಗೆಜೆಟೆಡ್ ಅಧಿಕಾರಿಯಾಗಲಿ, ಶಾಸಕರಾಗಲಿ, ವಾರ್ಡಿನ ಪಾಲಿಕೆ ಸದಸ್ಯರಾಗಲಿ ಸಹಿ ಮಾಡಬಹುದು. ಆ ಪತ್ರಕ್ಕೆ ಮೂರು ತಿಂಗಳ ಅವಧಿಯಿರುತ್ತದೆ.

ಉತ್ತರ 2 (ಸಪ್ತಾಪುರ, ಧಾರವಾಡ)

ಹಿರಿಯರು ಹೇಳಿದ ಎರಡನೆಯ ದಾರಿಯ ಬಗ್ಗೆ ಒಂದು ಮಾತು. ನಮ್ಮ ಪಾಲಿಕೆಯ ಸದಸ್ಯರ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದ ಮೇಲೆ 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಆ ಎರಡೂವರೆ ವರ್ಷ ಸಹಿ ಮಾಡಲು ವಾರ್ಡಿನ ಸದಸ್ಯರೇ ಇರಲಿಲ್ಲ. ಬಡವರು ಗೆಜೆಟೆಡ್ ಅಧಿಕಾರಿಯ ಬಾಗಿಲಲ್ಲಿ ನಿಂತು ‘ನಾನು ನಿಮಗೆ ಪರಿಚಿತ’ ಎಂದು ಹೇಗೆ ಹೇಳಿಯಾರು? ಒಬ್ಬರ ಸಹಿಯನ್ನು ನಂಬಿದ ವ್ಯವಸ್ಥೆಗಿಂತ ಕಚೇರಿಯೇ ಕೊಡುವ ಚೀಟಿ ಲೇಸು ಎಂದು ನನಗೆ ಅನಿಸುತ್ತದೆ.

ದಾಖಲೆಯನ್ನು ಕೇಳುವ ಬದಲು ಊರೇ ಜನರ ಬಳಿಗೆ ಹೋದ ಒಂದು ಮಾದರಿ ನಮ್ಮಲ್ಲಿಯೇ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಬೇಕು, ವ್ಯಾಪಾರಿಗಳಿಗೆ ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಕೊಡಬೇಕು. ದುರ್ಗದಬೈಲಿನಲ್ಲಿ ತಳ್ಳುಗಾಡಿಯ ಹಿಂದೆ ನಿಂತಿರುವವರನ್ನು ಅಲ್ಲಿಯೇ ಕಂಡು ಬರೆದುಕೊಳ್ಳುವುದು ಆ ಕಾಯ್ದೆಯ ತಿರುಳು. ಬಾಡಿಗೆದಾರರ ಮನೆಗೂ ಹಾಗೆಯೇ ಬಂದು, ಅಕ್ಕಪಕ್ಕದ ಇಬ್ಬರ ಹೇಳಿಕೆ ಪಡೆದು ಚೀಟಿ ಕೊಡಲು ಸಾಧ್ಯವಿಲ್ಲವೇ? ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ದೂರದ ಜಿಲ್ಲೆಗಳಿಂದ ಬಂದು ನಮ್ಮ ಭಾಗದ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಓದುವವರಿಗೂ ಇದು ಆಸರೆಯಾಗುತ್ತದೆ.

ಉತ್ತರ 3 (ವಕೀಲ, ಗದಗ)

ಚೀಟಿ ಕೊಡುವ ಮೊದಲೇ ನಿರ್ಧರಿಸಬೇಕಾದ ವಿಷಯವೊಂದನ್ನು ಯಾರೂ ಎತ್ತಿಲ್ಲ: ಅರ್ಜಿಯ ಜೊತೆ ಕೊಟ್ಟ ಕಾಗದಗಳನ್ನು ಯಾರು, ಎಷ್ಟು ಕಾಲ ಇಟ್ಟುಕೊಳ್ಳಬೇಕು? ನ್ಯೂಯಾರ್ಕ್ ನಗರವು ಅರ್ಜಿದಾರರ ದಾಖಲೆಗಳ ಪ್ರತಿಗಳನ್ನು ಇಟ್ಟುಕೊಂಡಿತ್ತು. 2016ರ ಅಧ್ಯಕ್ಷೀಯ ಚುನಾವಣೆಯ ನಂತರ ಅವು ಕೇಂದ್ರ ಸರ್ಕಾರದ ಕೈಸೇರಿ, ಚೀಟಿ ಪಡೆದ ವಲಸಿಗರಿಗೇ ಮುಳುವಾಗಬಹುದೆಂಬ ಭಯ ಹುಟ್ಟಿತು; ನಗರವು ಅವುಗಳನ್ನು ನಾಶಮಾಡುವುದನ್ನು ತಡೆಯಲು ಇಬ್ಬರು ಶಾಸಕರು ಕೋರ್ಟಿಗೂ ಹೋದರು. 2017ರಲ್ಲಿ ತೀರ್ಪು ನಗರದ ಪರವಾಗಿ ಬಂತು. ಇಷ್ಟಾದರೂ ಅಲ್ಲಿನ ಹಲವು ದೊಡ್ಡ ಬ್ಯಾಂಕುಗಳು ಆ ಚೀಟಿಯನ್ನು ಖಾತೆ ತೆರೆಯಲು ಸಾಕೆಂದು ಒಪ್ಪಲಿಲ್ಲ ಎಂಬುದನ್ನೂ ಪ್ರಶ್ನೆ ಕೇಳಿದವರು ಗಮನಿಸಬೇಕು.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ ಎಂಬ ಹೆಮ್ಮೆ ನನಗಿದೆ. ಆದ್ದರಿಂದ ಪಾಲಿಕೆ ದಾಖಲೆಗಳನ್ನು ನೋಡಿ ಅಲ್ಲಿಯೇ ಹಿಂದಿರುಗಿಸಲಿ, ಬೆರಳಚ್ಚು ಪಡೆಯದಿರಲಿ; ಈ ಎರಡು ಷರತ್ತುಗಳಿಗೆ ಒಪ್ಪಿದರೆ ನಾನು ಚೀಟಿಯ ಪರ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿರುವುದರಿಂದ, ಚೀಟಿಯ ಮೇಲೆ ಯಾವ ಊರಿನ ಹೆಸರಿರಬೇಕೆಂಬ ಪ್ರಶ್ನೆಯೂ ಮುಂದೆ ಏಳುತ್ತದೆ. ನಾನು ಕೇಳಬೇಕಾದದ್ದು ಹೊಸ ಚೀಟಿಯನ್ನಲ್ಲ, ಮನೆಗೇ ಬಂದು ವಾಸವನ್ನು ದೃಢೀಕರಿಸುವ ವ್ಯವಸ್ಥೆಯನ್ನು ಎಂದು ಈಗ ತಿಳಿಯಿತು. ಅದನ್ನೇ ಅರ್ಜಿಯಾಗಿ ಬರೆದು ನಮ್ಮ ವಾರ್ಡಿನ ಸದಸ್ಯರಿಗೆ ಕೊಡುತ್ತೇನೆ. ಸೋಮವಾರ ಆ ತಾಯಿಯ ಜೊತೆ ಬ್ಯಾಂಕಿಗೆ ನಾನೇ ಹೋಗಿ, ಸ್ವಯಂ ಘೋಷಣೆಯ ನಿಯಮವನ್ನು ತೋರಿಸುತ್ತೇನೆ.