ಸಿಗ್ನಲಿಂಗ್ ಪ್ರೋಟೀನ್‌ಗೆ ಕನ್ನಡದಲ್ಲಿ ಏನನ್ನಲಿ? (ತುರ್ತು)

ಎಲ್ಲರಿಗೂ ನಮಸ್ಕಾರ. ಕೀಲುವಾತದ ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ಟೊಸಿಲಿಜುಮಾಬ್ ಅನ್ನುವ ಇಂಜೆಕ್ಷನ್ ಬಗ್ಗೆ. ಇಂಟರ್‌ಲ್ಯೂಕಿನ್-6 ಹೋಗಿ ಕೂರುವ ಜಾಗವನ್ನು ಅದು ಮುಚ್ಚಿಬಿಡುತ್ತದೆ. ಮೂಲದಲ್ಲಿ ಇಂಟರ್‌ಲ್ಯೂಕಿನ್ ಒಂದು ‘ಸಿಗ್ನಲಿಂಗ್ ಪ್ರೋಟೀನ್’ ಅಂತಿದೆ. ‘ಸಂಕೇತ ಪ್ರೋಟೀನ್’ ಅಂತ ಬರೆದು ಅತ್ತೆಗೆ ಓದಿಸಿದೆ. ‘ಪ್ರೋಟೀನಿಗೂ ಗುರುತು ಹಾಕಿರ್ತಾರಾ?’ ಅಂದರು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಇವತ್ತೇ ತಿಳಿಸಿ.

ಮರು:
ಸನ್ನೆ. ಅಚ್ಚಗನ್ನಡ ಇರುವಾಗ ಸಂಕೇತ ಯಾಕೆ? ಇಂಟರ್‌ಲ್ಯೂಕಿನ್ ಅಂದರೂ ರಕ್ತದ ಬಿಳಿ ಕಣಗಳ ನಡುವಿನದು ಅಂತ ತಾನೇ? ‘ನಡುಬಿಳಿಕ’ ಅನ್ನಿ. ನಾಲ್ಕು ಸಲ ಬಳಸಿದರೆ ರೂಢಿಯಾಗುತ್ತದೆ.

ಮರು:
ಸನ್ನೆ ಅಚ್ಚಗನ್ನಡ ಅಲ್ಲ, ಸಂಜ್ಞೆಯ ತದ್ಭವ. ಎಷ್ಟನೇ ಸಲ ಹೇಳುತ್ತಿದ್ದೇನೋ. ಜ್ವರದ ಮಾತಿರುವ ಕರಪತ್ರದಲ್ಲಿ ಎತ್ವ ಹೋಗಿ ಗುಡಿಸು ಬಂದರೆ ‘ಸನ್ನಿ’ ಆಗುತ್ತದೆ, ಅಷ್ಟೇ ಕತೆ!

ನಡುಬಿಳಿಕವೂ ನಿಲ್ಲುವುದಿಲ್ಲ. ಇದು ಬಿಳಿ ಕಣಗಳ ನಡುವೆ ಮಾತ್ರ ಓಡಾಡುವುದಲ್ಲ. ಲಿವರ್‌ಗೆ ಹೋದರೆ ಅದರ ಕೈಲಿ ಸಿಆರ್‌ಪಿ ಅನ್ನುವ, ಉರಿಯೂತ ತೋರಿಸುವ ಪ್ರೋಟೀನ್ ತಯಾರು ಮಾಡಿಸುತ್ತದೆ. ಕೋವಿಡ್ ಕಾಲದಲ್ಲಿ ರಿಪೋರ್ಟ್ ಹಿಡಿದು ಹುಡುಕುತ್ತಿದ್ದೆವಲ್ಲ, ಅದೇ. ಬಿಳಿ ಕಣಗಳಲ್ಲೇ ಒಂದು ಬಗೆಯಾದ ಬಿ ಕಣಗಳಿಗೆ ಮುಟ್ಟಿದರೆ ಪ್ರತಿಕಾಯ ಮಾಡುವುದಕ್ಕೆ ನೆರವಾಗುತ್ತದೆ. ಜ್ವರ ಏರಿಸುವುದರಲ್ಲೂ ಇದರ ಕೈಯಿದೆ. ಜಾಸ್ತಿ ಹೊತ್ತು ಓಡಿದರೆ ಕಾಲಿನ ಸ್ನಾಯುಗಳೇ ಇದನ್ನು ರಕ್ತಕ್ಕೆ ಬಿಡುತ್ತವೆ. ಕೆಲಸ ನೋಡಿ ಹೆಸರಿಡಲು ಹೋಗಿ ವಿಜ್ಞಾನಿಗಳೇ ಎಡವಿದ್ದಾರೆ. ಲಿವರ್ ಬಗ್ಗೆ ಸಂಶೋಧನೆ ಮಾಡುವವರದು ಒಂದು ಹೆಸರು, ಬಿ ಕಣದವರದು ಒಂದು, ವೈರಸ್ ತಡೆಯುವ ಇಂಟರ್‌ಫೆರಾನ್ ಪ್ರೋಟೀನಿನವರದು ಇನ್ನೊಂದು. 1986ರಲ್ಲಿ ಜಪಾನಿನ ಒಸಾಕಾದಲ್ಲಿ ಹಿರಾನೊ, ಕಿಶಿಮೊಟೊ ತಂಡದವರು ಬಿ ಕಣದ ಪ್ರೋಟೀನಿನ ಜೀನ್ ಓದಿದರು. ಹೋಲಿಸಿ ನೋಡಿದರೆ ಎಲ್ಲವೂ ಒಂದೇ! ಕೊನೆಗೆ ಸುಮ್ನೆ ಆರನೇ ನಂಬರ್ ಕೊಟ್ಟು ಮುಗಿಸಿದರು. ಹೆಸರು ಹಾಗೇ ಇರಲಿ. ವಿವರಣೆಗೆ ‘ಸುದ್ದಿ ಮುಟ್ಟಿಸುವ ಪ್ರೋಟೀನ್’ ಸಾಕು.

ಮರು:
ಅದು ಪದ ಅಲ್ಲ, ವಾಕ್ಯ. ಪ್ರೋಟೀನನ್ನೂ ಇಟ್ಟುಕೊಂಡ ಮೇಲೆ ಚರ್ಚೆ ಯಾಕೆ? ಇಂಗ್ಲಿಷಿನಲ್ಲೇ ಅಚ್ಚು ಹಾಕಿಸಿ.

ಮರು:
ಶಾಲೆಯಲ್ಲಿ ಸಸಾರಜನಕ ಅಂತ ಬಾಯಿಪಾಠ ಮಾಡಿಸಿದರು. ಇವತ್ತು ಮೊಟ್ಟೆ ಅಂಗಡಿಯವರೂ ಪ್ರೋಟೀನ್ ಅಂತಾರೆ. ಅಷ್ಟಕ್ಕೂ ಸಸಾರಜನಕ ಯಾವ ಊರಿನ ಅಚ್ಚಗನ್ನಡ ಸ್ವಾಮಿ? ಅಂಗಡಿ, ಆಸ್ಪತ್ರೆ ಎರಡರಲ್ಲೂ ನಡೆಯುವ ಪದ ಹೊರಗಿನದಾದರೂ ನಮ್ಮದೇ.

ಮರು:
‘ಅಷ್ಟಕ್ಕೂ’ ಅಂತ ಶುರುವಾದ ವಾದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಮರು:
ಎಲ್ಲರಿಗೂ ಥ್ಯಾಂಕ್ಸ್. ‘ಸುದ್ದಿ ಮುಟ್ಟಿಸುವ ಪ್ರೋಟೀನ್’ ಅಂತ ತಿದ್ದಿ ಮತ್ತೆ ಅತ್ತೆಗೆ ಕೊಟ್ಟೆ. ‘ಹಂಗಾದ್ರೆ ಈ ಇಂಜೆಕ್ಷನ್ ತಗೊಂಡೋರಿಗೆ ಸುದ್ದಿ ಮುಟ್ಟಲ್ಲ. ಒಳಗೆ ಸೋಂಕಾದ್ರೂ ಜ್ವರ ಬರ್ದೇ ಇರಬಹುದು, ಅಲ್ವಾ?’ ಅಂದರು. ಮುಂದಿನ ಸಾಲಿನಲ್ಲಿದ್ದ ಎಚ್ಚರಿಕೆ ಅದೇ. ಅವರಿನ್ನೂ ಅದನ್ನು ಓದಿರಲಿಲ್ಲ. ಅಚ್ಚಿಗೆ ಕಳಿಸಿದೆ.